ಮಲಗಿದವರಿಗೆ ನಮಸ್ಕಾರ

ಸಿರಿಗೇರಿಯಲ್ಲಿ ನನ್ನದೊಂದು ಬೀಜ ಗೊಬ್ಬರದ ಅಂಗಡಿ. ಆ ವರ್ಷ ಭತ್ತದ ಬೀಜ ಚೆನ್ನಾಗಿ ಮಾರಿದ್ದಕ್ಕೆ ಕಂಪನಿಯವರು ನಮ್ಮ ಕಡೆಯ ಅಂಗಡಿಯವರನ್ನೆಲ್ಲ ಬ್ಯಾಂಕಾಕಿಗೆ ಕರೆದುಕೊಂಡು ಹೋದರು. ಜೊತೆಗೆ ಮನೆಯವರೊಬ್ಬರು ಬರಬಹುದಿತ್ತು. ನನ್ನ ಹೆಂಡತಿ ವಿಮಾನವೆಂದರೆ ಹೆದರುತ್ತಾಳೆ.

"ಅಕ್ಕನ್ನ ಕರಕೊಂಡು ಹೋಗ್ರಿ. ಆಕಿ ಮನಿ ಬಿಟ್ಟು ಹೊರಗ ಬಂದು ಎಷ್ಟು ದಿನ ಆತು" ಎಂದಳು.

ಅಕ್ಕ ನನ್ನನ್ನು ಸಾಕಿದವಳು. ಎಮ್ಮೆ ಕಾಯುತ್ತಿದ್ದ ನನ್ನನ್ನು, ಮೀಸೆ ಚಿಗುರುವ ಹೊತ್ತಿಗೆ, ಸಣ್ಣ ಮಕ್ಕಳ ನಡುವೆ ಶಾಲೆಯ ಮಣೆಯ ಮೇಲೆ ಕೂಡಿಸಿ ಬಂದವಳೂ ಅವಳೇ. ಅವಳನ್ನು ಬಾದನಹಟ್ಟಿಗೆ ಕೊಟ್ಟಿದ್ದೆವು. ಭಾವ ತೀರಿಕೊಂಡ ಮೇಲೆ ಅವಳು ಯಾವ ದೇವರ ಮುಂದೆಯೂ, ಯಾವ ಹಿರಿಯರ ಮುಂದೆಯೂ ಬಗ್ಗುವುದನ್ನು ಬಿಟ್ಟುಬಿಟ್ಟಳು. ಕುಳಿತ ದೊಡ್ಡ ಕಲ್ಲಿನ ನಂದಿ ಇರುವ ಕುರುಗೋಡಿನ ದೊಡ್ಡಬಸಪ್ಪನ ಗುಡಿಗೆ ಹೋದರೂ ಕೈ ಮುಗಿದು ನಿಂತು ಬರುತ್ತಿದ್ದಳು, ಅಷ್ಟೇ.

ಕಾರಣ ನನಗೆ ಗೊತ್ತಿತ್ತು. ಯುಗಾದಿಯ ದಿನ ಭಾವ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದರು. ಅಕ್ಕ ಡಬ್ಬಿಯಲ್ಲಿ ಬೇವು ಬೆಲ್ಲ ತಂದಿದ್ದಳು. ಪ್ರತಿ ಯುಗಾದಿಗೂ ಅದನ್ನು ತಿಂದು ಗಂಡನ ಪಾದ ಮುಟ್ಟುವುದು ಅವಳ ರೂಢಿ. ಭಾವನಿಗೆ ಏಳಲು ಆಗುತ್ತಿರಲಿಲ್ಲ. ಮಲಗಿದಲ್ಲೇ ನಕ್ಕು ಎರಡೂ ಕಾಲುಗಳನ್ನು ಹೊದಿಕೆಯಿಂದ ಆಚೆ ಚಾಚಿದರು. ಅಕ್ಕ ಹೊದಿಕೆ ಎಳೆದು ಮುಚ್ಚಿದಳು.

"ಮಲಗಿದಾರಿಗೆ ನಮಸ್ಕಾರ ಮಾಡಬಾರ್ದು. ಎದ್ದು ಕುಂದರ್ರಿ, ಆಮ್ಯಾಲೆ ಮಾಡ್ತೀನಿ."

ಅವರು ಏಳಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಊರವರೆಲ್ಲ ಬಂದು ಪಾದ ಮುಟ್ಟಿ ಹೋದರು. ಅಕ್ಕ ಮುಟ್ಟಲಿಲ್ಲ. "ಅವರಾಗೇ ಎದ್ದು ಕುಂತಿಲ್ಲ. ನೀವು ಕುಂದ್ರಿಸೀರಿ" ಎಂದಳು.

ಇಂಥ ಅಕ್ಕನನ್ನು ಕರೆದುಕೊಂಡು ದೇವಸ್ಥಾನಗಳ ಊರಿಗೆ ಹೊರಟಿದ್ದೆ. ಅಲ್ಲಿಯಾದರೂ ಎಲ್ಲಾದರೂ ಒಮ್ಮೆ ಬಗ್ಗಿಯಾಳು ಎಂಬ ಆಸೆ ನನಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ.

ಮೊದಲು ನದಿಯ ದಡದ ಅರುಣನ ಗುಡಿಗೆ ಹೋದೆವು. ನಮಗೆ ಊರು ತೋರಿಸಲು ಬಂದಿದ್ದವಳು ಆ ದೇಶದ ಹುಡುಗಿಯೇ. ನಮ್ಮ ಕಡೆಯ ಪ್ರವಾಸಿಗರ ಜೊತೆ ಓಡಾಡಿ ಹಿಂದಿ ಕಲಿತಿದ್ದಳು. ಅವಳ ಹಿಂದಿಯೂ ನನ್ನ ಹಿಂದಿಯೂ ಒಂದೇ ತೂಕದವು, ಹಾಗಾಗಿ ಚೆನ್ನಾಗಿ ಹೊಂದಿತು. ದೂರದಿಂದ ಕಲ್ಲಿನ ಕೆತ್ತನೆಯಂತೆ ಕಾಣುತ್ತಿದ್ದ ಆ ಗೋಪುರದ ಬುಡಕ್ಕೆ ಹೋಗಿ ಅಕ್ಕ ಅಂಗೈ ಆಡಿಸಿದಳು.

"ಲೇ ತಮ್ಮಾ, ಇವು ಒಡದ ಕಪ್ಪು ಬಸಿ ಚೂರು ಅಲ್ಲೇನೋ?"

ಹೌದು, ಪಿಂಗಾಣಿ ಚೂರುಗಳನ್ನೇ ಹೂವು, ಎಲೆ, ಬಳ್ಳಿ ಮಾಡಿ ಹಚ್ಚಿದ್ದರು. ಹಿಂದೆ ಚೀನಾದ ಹಡಗುಗಳಲ್ಲಿ ಬಂದ ಪಿಂಗಾಣಿಯಂತೆ ಎಂದಳು ಹುಡುಗಿ.

"ನಮ್ಮ ಮನ್ಯಾಗ ಬಸಿ ಸೀಳಿದ್ರ ತಿಪ್ಪಿಗೆ ಒಗಿತೀವಿ. ಇವರು ದೇವರಿಗೆ ಹಚ್ಯಾರ!" ಎಂದು ಅಕ್ಕ ಗೋಪುರದ ಸುತ್ತ ಒಂದು ಸುತ್ತು ಬಂದಳು. ಅದು ಪ್ರದಕ್ಷಿಣೆಯೋ, ಚೂರುಗಳ ಪರೀಕ್ಷೆಯೋ ನನಗೆ ತಿಳಿಯಲಿಲ್ಲ. ಬಗ್ಗಲಂತೂ ಇಲ್ಲ.

ದೋಣಿಯಲ್ಲಿ ನದಿ ದಾಟಿ ಮಲಗಿದ ಬುದ್ಧನ ಗುಡಿಗೆ ಬಂದೆವು. ಒಳಗೆ ಕಾಲಿಟ್ಟರೆ ಮೊದಲು ತಲೆ ಕಾಣುತ್ತದೆ. ಇಡೀ ಮೈಗೆ ಚಿನ್ನದ ಬಣ್ಣ. ಎರಡು ಕಂಬಗಳ ನಡುವೆ ಮುಖ, ಮುಂದಿನ ಎರಡು ಕಂಬಗಳ ನಡುವೆ ಭುಜ, ಹೀಗೆ ತುಂಡು ತುಂಡಾಗಿಯೇ ನೋಡುತ್ತಾ ಹೋಗಬೇಕು. ಕಟ್ಟಡವನ್ನೇ ಅಂಗಿಯ ಹಾಗೆ ಅಳತೆಗೆ ಹೊಲಿಸಿದ್ದಾರೆ ಅನ್ನಿಸಿತು. ಅಕ್ಕ ನಿಂತುಬಿಟ್ಟಳು.

"ಇವನು ಮಲಗ್ಯಾನೋ, ಹೋಗ್ಯಾನೋ?"

ನಮ್ಮ ಜೊತೆಯಿದ್ದ ಕುರುಗೋಡಿನ ಅಂಗಡಿಯವನು ತಮಾಷೆಯ ಮನುಷ್ಯ. "ಅಕ್ಕಾರ, ಕಣ್ಣು ತೆರದೈತಿ ನೋಡ್ರಿ. ನಮ್ಮ ದೊಡ್ಡಬಸಪ್ಪ ಕುಂತು ಕುಂತು ಬ್ಯಾಸತ್ತಾನ, ಇವನು ಶ್ಯಾಣ್ಯಾ, ಕಾಲು ಚಾಚ್ಯಾನ" ಎಂದ.

"ರಂಗನಾಥನೂ ಮಲಗೇ ಅದಾನಲ್ಲಕ್ಕಾ" ಎಂದೆ ನಾನು.

"ಅವನ ಕಾಲು ಒತ್ತಾಕ ಹೆಂಡ್ತಿ ಅದಾಳ. ಅದು ಅವರ ಮನಿ ಮಾತು. ನೀ ಈ ಹುಡುಗೀನ ಕೇಳು."

ಕೇಳಿದೆ. ಹುಡುಗಿ ಹೇಳಿದಳು: "ಕೊನೆಯ ಸಲ ಮಲಗಿದ್ದು ಹೀಗೆ. ಮತ್ತೆ ಏಳಲಿಲ್ಲ. ಆದರೆ ಮಲಗಿಕೊಂಡೇ ಸುತ್ತ ಕುಳಿತವರ ಜೊತೆ ಮಾತಾಡಿದರು."

"ಸುತ್ತ ಕುಂತಾರು ನಮಸ್ಕಾರ ಮಾಡಿದ್ರೇನು? ಅದನ್ನ ಕೇಳು."

"ಮಾಡದೆ ಇರುತ್ತಾರೆಯೇ?" ಎಂದು ಹುಡುಗಿ ನಕ್ಕಳು. "ಅಮ್ಮ ಯಾಕೆ ಹಾಗೆ ಕೇಳುತ್ತಾರೆ?"

ಮಲಗಿದವರಿಗೆ ನಮ್ಮಲ್ಲಿ ಬಗ್ಗುವುದಿಲ್ಲ, ಸತ್ತವರನ್ನೂ ಕೂಡಿಸಿಯೇ ಮಣ್ಣು ಮಾಡುತ್ತೇವೆ ಎಂದು ಹೇಳಿದೆ. ಈಗ ಬೆರಗಾಗುವ ಸರದಿ ಅವಳದು. ಬೀಳುವುದಿಲ್ಲವೇ, ಯಾರು ಹಿಡಿದುಕೊಳ್ಳುತ್ತಾರೆ, ಕಣ್ಣು ಮುಚ್ಚಿರುತ್ತದೆಯೇ, ಒಂದೊಂದಾಗಿ ಕೇಳಿದಳು. ನಾನು ಒಂದೊಂದಕ್ಕೆ ಹೇಳುವಷ್ಟರಲ್ಲಿ ಅಕ್ಕ ಮುಂದೆ ಹೋಗಿಬಿಟ್ಟಿದ್ದಳು.

ಅವಳು ಪಾದಗಳ ಹತ್ತಿರ ಇದ್ದಳು. ಎರಡು ಅಂಗಾಲು, ಒಂದರ ಮೇಲೊಂದು, ಆಳೆತ್ತರಕ್ಕೂ ಮೀರಿ ನಿಂತಿದ್ದವು. ಕಪ್ಪು ನೆಲದ ಮೇಲೆ ಮುತ್ತಿನ ಚಿಪ್ಪು ಕೂಡಿಸಿ ಆನೆ, ಹೂವು, ಅರಮನೆ, ಏನೇನೋ ಬಿಡಿಸಿದ್ದರು, ನಡುವೆ ಚಕ್ರ. ಮುಟ್ಟಲು ಬಿಡುವುದಿಲ್ಲ. ಅಕ್ಕ ಬಹಳ ಹೊತ್ತು ನೋಡಿದಳು. ಮಂಡಿ ನೋವು ಬೇರೆ. ಒಂದು ಬದಿಗೆ ಸರಿದು ಕಂಬಕ್ಕೆ ಒರಗಿ ಕುಳಿತು, ಕಾಲು ನೀಡಿದಳು, ನೇರ ಬುದ್ಧನ ಕಡೆಗೆ.

ಕಾವಲಿನವನು ಓಡಿ ಬಂದ. ಬೈಯಲಿಲ್ಲ, ಕೈ ಮಡಿಸಿ ತೋರಿಸಿ ಕಾಲು ಮಡಿಚಿರಿ ಎಂದ. ದೇವರ ಕಡೆ ಅಂಗಾಲು ತೋರಿಸುವುದು ಅವರಲ್ಲಿ ದೊಡ್ಡ ತಪ್ಪಂತೆ.

"ಇದೊಳ್ಳೆ ನ್ಯಾಯ ಆತಲ್ಲ! ಅವನು ಚಾಚಿದ್ರ ಗುಡಿ ಕಟ್ಟಿಸ್ತೀರಿ, ನಾ ಚಾಚಿದ್ರ ಎಬ್ಬಸ್ತೀರಿ" ಎಂದಳು ಅಕ್ಕ. ಕಾವಲಿನವನಿಗೆ ಏನು ತಿಳಿಯಿತೋ, ಅವನೂ ನಕ್ಕ.

ಅಕ್ಕ ಕಷ್ಟಪಟ್ಟು ಒಂದೊಂದೇ ಕಾಲು ಹಿಂದಕ್ಕೆ ಮಡಿಚಿದಳು. ಮಡಿಚಿದ ಮೇಲೆ ಮಂಡಿಯೂರಿದ ಹಾಗಾಯಿತು. ಆಸರೆಗೆಂದು ಎರಡೂ ಅಂಗೈ ನೆಲಕ್ಕೆ ಊರಿದಳು. ಎಬ್ಬಿಸಲು ನಾನು ಕೈ ಚಾಚಿದೆ. ಅವಳು ನನ್ನ ಕೈ ಹಿಡಿಯಲಿಲ್ಲ. ಹಾಗೆಯೇ ಬಗ್ಗಿ ಹಣೆಯನ್ನು ನೆಲಕ್ಕೆ ಹಚ್ಚಿದಳು. ಏಳಲು ಬಹಳ ಹೊತ್ತು ಮಾಡಿದಳು. ಹಿಂದಿದ್ದ ಜನ ಪಕ್ಕಕ್ಕೆ ಸರಿದು ದಾರಿ ಮಾಡಿಕೊಂಡು ಹೋದರು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದಳು: "ಮಲಗಿದಾರಿಗೆ ಮಾಡಬಾರ್ದು ಅಂತ ನನಗ ಹೇಳಿದ್ದು ಅವ್ವ. ಅವ್ವಗ ಯಾರು ಹೇಳಿದ್ರು?"

"ಗೊತ್ತಿಲ್ಲಕ್ಕಾ."

"ಅವ್ವ ಇದ್ದಾಗ ಆಕೀನ ಕೇಳಬೇಕಿತ್ತು ನೋಡು."

ನನ್ನ ಫೋನಿನಲ್ಲಿ ಅವತ್ತು ಅಕ್ಕ ಹೇಳಿ ತೆಗೆಸಿದ ಫೋಟೋ ಒಂದೇ. ಅದರಲ್ಲಿ ಬರೀ ಎರಡು ಅಂಗಾಲು. ಬಸ್ಸಿನಲ್ಲಿ ಕುರುಗೋಡಿನವನು ಅದನ್ನು ನೋಡಿ ಕಾಡಿಸಿದ.

"ಏನ್ರಿ ಅಕ್ಕಾರ, ಇಷ್ಟು ದೂರ ಬಂದು ಮುಖ ಬಿಟ್ಟು ಪಾದ ತಗಿಸೀರಲ್ರಿ!"

"ಮುಖ ನನಗ ನೆನಪೈತಿ ಬಿಡ್ರಿ" ಎಂದಳು ಅಕ್ಕ, ಕಿಟಕಿಯ ಕಡೆ ನೋಡುತ್ತಾ.