ಮೂರನೆಯ ಸ್ವರಕ್ಕೆ ಬೊಟ್ಟು

ಅಲ್ಯೂಮಿನಿಯಂ ಬಟ್ಟಲಿನೊಳಗೆ ಮುಖವಿಟ್ಟು ಯಾರೋ ಮೂಗಿನಲ್ಲಿ ಅತ್ತ ಹಾಗೆ. ಆ ಗಿಟಾರಿನ ಮೊದಲ ಸ್ವರ ನನಗೆ ಕೇಳಿಸಿದ್ದು ಹಾಗೆ, ಮೂಡುಬಿದಿರೆಯ ಒಂದು ಸಂಗೀತ ಸಾಮಾನಿನ ಅಂಗಡಿಯಲ್ಲಿ. ಹೊರಗೆ ಬಸ್ಸಿನ ಹಾರ್ನ್, ಪಕ್ಕದ ಹಿಟ್ಟಿನ ಗಿರಣಿಯ ಗಲಾಟೆ. ಆದರೂ ಆ ಸ್ವರ ಪೂರ್ತಿ ಆರುವವರೆಗೆ ನನ್ನ ಗೆಳತಿ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಬ್ಯಾಗಿನಿಂದ ಸ್ಲೇಟು ತೆಗೆದು ಬರೆದಳು: "ಪಾಪ, ಇದಕ್ಕೆ ಶೀತ ಆಗಿದೆ."

ಸ್ಲೇಟು ಯಾಕೆಂದರೆ ಅವಳಿಗೆ ಧ್ವನಿ ಇರಲಿಲ್ಲ. ಅದಕ್ಕೆ ಆರು ತಿಂಗಳ ಮೊದಲು ಗಂಟಲಿನ ಆಪರೇಶನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು, ಅದರ ಮುಂದೆ ಅವಳೇ ಹೊಲಿದುಕೊಂಡ ತೆಳು ಬಟ್ಟೆಯ ಪರದೆ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಮೆಷಿನ್ ಒಂದು ಕೊಟ್ಟಿದ್ದರು. ಎರಡು ದಿನ ಹಿಡಿದು ನೋಡಿ, "ರೈಲ್ವೆ ಸ್ಟೇಶನ್ ಅನೌನ್ಸ್‌ಮೆಂಟ್" ಎಂದು ಬರೆದು ತೋರಿಸಿ ಕಪಾಟಿನಲ್ಲಿಟ್ಟಳು. ನನಗೆ ಅವಳು ಬರೆಯುತ್ತಿದ್ದದ್ದೆಲ್ಲ ತುಳುವಿನಲ್ಲಿ, ಕನ್ನಡ ಅಕ್ಷರದಲ್ಲಿ. ಇಲ್ಲಿ ನಾನು ಅದನ್ನು ಕನ್ನಡ ಮಾಡಿ ಹೇಳುತ್ತಿದ್ದೇನೆ, ಅಷ್ಟೆ.

ನಾವಿಬ್ಬರೂ ಒಂದೇ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಬೆಳೆದವರು. ನಾನು ಪಾಣೆಮಂಗಳೂರಿನವಳು, ಅವಳು ಕಕ್ಕಿಂಜೆಯವಳು. ಇಬ್ಬರೂ ಟೀಚರಾಗಿಯೇ ರಿಟೈರ್ ಆದೆವು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್, ಅವಳು ಪ್ರೈಮರಿ. ಮದುವೆಯ ರಗಳೆಗೆ ಹೋಗದೆ ತಮ್ಮನ ಮನೆಯಲ್ಲೇ ಇದ್ದಳು. ಅವಳ ಗಂಟಲು ಹೇಗಿತ್ತು ಅಂದರೆ, ಕ್ವಾಯರ್‌ನಲ್ಲಿ ಸಿಸ್ಟರ್ ಅವಳನ್ನು ಹಿಂದಿನ ಸಾಲಿನಲ್ಲಿ ಕಿಟಕಿಯ ಹತ್ತಿರ ನಿಲ್ಲಿಸುತ್ತಿದ್ದರು, ಅರ್ಧ ಧ್ವನಿ ಹೊರಗೆ ಹೋಗಲಿ ಅಂತ. ನಾನು ಅದೇ ಕ್ವಾಯರಿಗೆ ಗಿಟಾರ್ ನುಡಿಸುತ್ತಿದ್ದವಳು.

ಎಷ್ಟೋ ವರ್ಷಗಳ ನಂತರ ನನ್ನ ಭಾವ ಗಲ್ಫಿನಿಂದ ಒಂದಿಷ್ಟು ಬ್ಲೂಸ್ ಕ್ಯಾಸೆಟ್ ತಂದಿದ್ದರು, ಅಮೆರಿಕದ ಕಪ್ಪು ಜನರ ದುಃಖದ ಹಾಡುಗಳು. ನನಗೆ ಅದರ ಶಬ್ದಗಳು ಬೇಕು, ಅವಳಿಗೆ ಎಳೆತ ಮಾತ್ರ. ನಮ್ಮ ಮನೆಗೆ ಬಂದರೆ ತೊಂಡೆಕಾಯಿ ಹೆಚ್ಚುತ್ತಾ ಆ ರಾಗಕ್ಕೆ ತುಳುವಿನಲ್ಲಿ ಏನಾದರೂ ಸೇರಿಸಿ ಹಾಡುವಳು, ಮೀನು ಸಿಗದ ದುಃಖ, ನನ್ನ ಅತ್ತೆಯ ಗೊರಕೆ. ಒಮ್ಮೆ ಅವಳೇ ತೋರಿಸಿಕೊಟ್ಟದ್ದು: "ಕೇಳು ಮಾರಾಯ್ತಿ, ಹಾಡುವವ ಅರ್ಧ ಹೇಳಿ ಬಾಯಿ ಮುಚ್ತಾನೆ. ಉಳಿದರ್ಧ ಗಿಟಾರ್ ಹೇಳ್ತದೆ."

ಆಪರೇಶನ್ ಆದ ಮೇಲೆ ನನ್ನ ತಲೆಯಲ್ಲಿ ಕೂತದ್ದು ಆ ಮಾತು. ಉಳಿದರ್ಧವನ್ನು ಹೇಳುವ ಒಂದು ಗಿಟಾರ್ ಅವಳಿಗೆ ಬೇಕು. ಅವಳ ಧ್ವನಿ ಇನ್ನೊಮ್ಮೆ ಕೇಳಬೇಕು ಅಂತ ನನಗೆ ಇತ್ತು, ಹೇಗಾದರೂ, ಯಾವ ರೂಪದಲ್ಲಾದರೂ. ಆಸೆ ನನ್ನದು. ಅದನ್ನು ಒಪ್ಪಿಕೊಳ್ಳಲು ಇಷ್ಟು ಸಮಯ ಹಿಡಿಯಿತು.

ಅಂಗಡಿಯ ಯಜಮಾನರು ಗಲ್ಫಿನ ಹೋಟೆಲಿನಲ್ಲಿ ವರ್ಷಗಟ್ಟಲೆ ಬ್ಯಾಂಡಿನಲ್ಲಿದ್ದು ಬಂದ ಬ್ಯಾರಿ ಜನ. "ಯಾರಿಗೆ ಟೀಚರ್, ಮೊಮ್ಮಕ್ಕಳಿಗಾ?" ಎಂದರು.

"ಇವಳಿಗೆ."

ಅವರು ಅವಳ ಬಿಳಿ ಕೂದಲು ನೋಡಿದರು, ಕುತ್ತಿಗೆಯ ಬಟ್ಟೆ ನೋಡಿದರು. "ಒಳ್ಳೇದಾಯ್ತು. ಇದು ಅವಸರದವರ ಸಾಮಾನಲ್ಲ."

ಅವರಲ್ಲಿ ರೆಸೊನೇಟರ್ ಎಂಬ ಜಾತಿಯ ಗಿಟಾರ್ ಇದ್ದದ್ದು ಎರಡು. ಸಾದಾ ಗಿಟಾರಿನಲ್ಲಿ ಸ್ವರ ಬರುವುದು ಹೊಟ್ಟೆಯ ಮರದಿಂದ. ಇದರಲ್ಲಿ ತಂತಿಯ ಅಡಿಯಲ್ಲಿ ಅಲ್ಯೂಮಿನಿಯಂ ತಗಡಿನ ಒಂದು ಕೋನ್ ಉಂಟು, ನಮ್ಮ ಬೋರ್ಡಿಂಗಿನ ಊಟದ ತಟ್ಟೆಯಷ್ಟು ತೆಳು. ಒಂದು ಗಿಟಾರಿನ ಮೈಯೆಲ್ಲ ಲೋಹ, ಕನ್ನಡಿಯ ಹಾಗೆ ಹೊಳೆಯುವಂಥದ್ದು. ನನಗೆ ಅದೇ ಬೇಕಿತ್ತು, ವಾಟ್ ಎ ಬ್ಯೂಟಿ! ಅವಳ ತೊಡೆಯ ಮೇಲಿಟ್ಟರೆ ಅವಳ ಎಡ ಭುಜ ಒಂದೇ ನಿಮಿಷದಲ್ಲಿ ಸೋತುಹೋಯಿತು. ಆಪರೇಶನ್ ಆದ ಕಡೆ ಅದು. ಇನ್ನೊಂದು ಮರದ ತೆಳು ಮೈಯ ಎಲೆಕ್ಟ್ರಿಕ್, ಕಪ್ಪು ಕಂದು ಬಣ್ಣ, ನೋಡಲು ಏನೂ ಇಲ್ಲ.

"ಇದರಲ್ಲಿ ಎರಡು ಪಿಕಪ್ ಟೀಚರ್. ಒಂದು ತಂತಿಯ ಮಾತು ಕೇಳ್ತದೆ, ಒಂದು ಕೋನಿನ ಮಾತು ಕೇಳ್ತದೆ. ಈ ನಾಬ್ ತಿರುಗಿಸಿ ಎಷ್ಟು ಬೇಕೋ ಅಷ್ಟು ಬೆರೆಸಿಕೊಳ್ಳಿ, ಡಿಕಾಕ್ಷನ್‌ಗೆ ಹಾಲು ಹಾಕಿದ ಹಾಗೆ." ಆರು ತಂತಿಗಳನ್ನು ಬರಿಗೈಯಲ್ಲಿ ಮೀಟಿದರೇ ಕಾರ್ಡ್, ಅಂದರೆ ಹೊಂದುವ ಸ್ವರಗಳ ಗೊಂಚಲು, ಬರುವ ಹಾಗೆ ಶ್ರುತಿ ಮಾಡಿಕೊಟ್ಟರು. ಎಡಗೈಯ ಕಿರುಬೆರಳಿಗೆ ಗಾಜಿನ ಒಂದು ಕೊಳವೆ. ತಂತಿಯನ್ನು ಒತ್ತುವುದಿಲ್ಲ, ಗಾಜನ್ನು ಅದರ ಮೇಲೆ ಜಾರಿಸುವುದು. ಅವಳು ಒಂದು ತಂತಿಯನ್ನು ಬೆರಳಿನಲ್ಲಿ ಮುಟ್ಟಿದಳೋ ಇಲ್ಲವೋ, ಮೂಲೆಯ ಆಂಪ್ಲಿಫೈಯರ್ ನರಳಿತು. ಆಗ ಅವಳು ಮೊದಲು ತನ್ನ ಗಂಟಲು ತೋರಿಸಿದಳು, ಆಮೇಲೆ ಆ ಪೆಟ್ಟಿಗೆ ತೋರಿಸಿದಳು, ಬ್ಯಾಗ್ ಹೆಗಲಿಗೆ ಹಾಕಿ ಎದ್ದಳು. ಆಯ್ಕೆ ಮುಗಿಯಿತು.

ಆ ದಿನ ನಮ್ಮಲ್ಲಿ ಉಳಿದು ಮರುದಿನ ಬಾಡಿಗೆ ಕಾರಿನಲ್ಲಿ ಕಕ್ಕಿಂಜೆಗೆ ಹೊರಟೆವು. ಪುಂಜಾಲಕಟ್ಟೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಡ್ರೈವರ್ ಕೇಳಿದ, "ಆ ದೊಡ್ಡ ಪೆಟ್ಟಿಗೆಯಲ್ಲಿ ಏನು ಟೀಚರ್?"

"ರೆಸೊನೇಟರ್."

"ಹೌದಾ? ಯಾವ ಗಾಡಿಯದ್ದು?" ಸೈಲೆನ್ಸರಿನ ಜೊತೆ ಅದೇ ಹೆಸರಿನ ಒಂದು ಪಾರ್ಟ್ ಇದೆಯಂತೆ, ಶಬ್ದ ಕಡಿಮೆ ಮಾಡಲಿಕ್ಕೆ. ನನಗೆಲ್ಲಿ ಗೊತ್ತು! ಗೆಳತಿಯ ಭುಜಗಳು ಕುಣಿದವು, ಕುತ್ತಿಗೆಯ ಪರದೆ ಫುಸ್ ಫುಸ್ ಎಂದು ಹಾರಿತು. ಸ್ಲೇಟಿನಲ್ಲಿ ಬರೆದಳು: "ಹಳೇ ಮಾಡೆಲ್ ಅಂತ ಹೇಳು. ಹಾರ್ನ್ ಹೋಗಿದೆ." ಅವಳು ಹಾಗೆ ನಗುವುದನ್ನು ಆಮೇಲೆ ನಾನು ಕಾಣಲಿಲ್ಲ.

ಪ್ರತಿ ಗುರುವಾರ ಬಸ್ಸಿನಲ್ಲಿ ಹೋಗಿ ಕಲಿಸತೊಡಗಿದೆ. ಕಲಿಸುವುದು ಎಂದರೆ ನನಗೆ ತಿದ್ದುವುದು. ಮೂವತ್ತೈದು ವರ್ಷ ಕೆಂಪು ಪೆನ್ನು ಹಿಡಿದ ಕೈ. ಗಾಜು ಸರಿಯಾಗಿ ಲೋಹದ ಗೆರೆಯ ನೆತ್ತಿಯ ಮೇಲೆ ನಿಂತರೆ ಮಾತ್ರ ಸ್ವರ ಕರೆಕ್ಟ್. ಅವಳದ್ದು ಮೂರನೆಯ ಸ್ವರ ಯಾವಾಗಲೂ ಗೆರೆಗಿಂತ ಸ್ವಲ್ಪ ಹಿಂದೆಯೇ ನಿಲ್ಲುತ್ತಿತ್ತು, ಅತ್ತ ನಗುವ ಮೇಜರ್ ಅಲ್ಲ, ಇತ್ತ ಅಳುವ ಮೈನರ್ ಅಲ್ಲ. "ಫ್ಲ್ಯಾಟ್ ಆಯ್ತು, ಶ್ರುತಿ ಇಳಿದಿದೆ," ಎನ್ನುತ್ತಿದ್ದೆ. ಅವಳು ತಲೆಯಾಡಿಸಿ ಮತ್ತೆ ಅಲ್ಲಿಗೇ ತರುತ್ತಿದ್ದಳು. ಒಂದು ಗುರುವಾರ ನಾನು ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ತಂದೆ. ಗಿಟಾರಿನ ಕುತ್ತಿಗೆಯ ಬದಿಗೆ ಎಲ್ಲೆಲ್ಲಿ ನಿಲ್ಲಬೇಕೋ ಅಲ್ಲಲ್ಲಿ ಕೆಂಪು ಬೊಟ್ಟು ಅಂಟಿಸಿದೆ. ಮೂರನೆಯ ಸ್ವರಕ್ಕೆ ಎಲ್ಲಕ್ಕಿಂತ ದೊಡ್ಡದು.

ಅವಳು ಆ ದಿನ ನಾಲ್ಕು ಸ್ವರ ಬಾರಿಸಿದಳು. ಎರಡು ಇಳಿಜಾರು, ಒಂದು ತಡೆ, ಆಮೇಲೆ ಆ ಮೂರನೆಯದು ಅತ್ತಲೂ ಇಲ್ಲ ಇತ್ತಲೂ ಇಲ್ಲ, ಕೊನೆಯದು ಗಿಡ್ಡ. ಬಾರಿಸಿ ನನ್ನ ಮುಖ ನೋಡಿದಳು. ಮತ್ತೆ ಅದನ್ನೇ ಬಾರಿಸಿದಳು. ಮತ್ತೆ ನೋಡಿದಳು.

"ಬೊಟ್ಟು ಕಾಣುದಿಲ್ವಾ?" ಎಂದೆ.

ಅವಳು ಗಾಜು ಕಳಚಿ ಕಿಟಕಿಯಲ್ಲಿಟ್ಟಳು. ಆಮೇಲೆ ಗುರುವಾರಗಳಲ್ಲಿ ಕೈ ನೋವು, ಕರೆಂಟ್ ಇಲ್ಲ, ತಂತಿ ಸರಿ ಇಲ್ಲ. ನಾನು ಹೋಗುವುದೂ ಕಡಿಮೆ ಆಯಿತು. ಅವಳ ತಮ್ಮನ ಹೆಂಡತಿ ಮಾತ್ರ ಫೋನಿನಲ್ಲಿ, "ದಿನಾ ಬಾರಿಸ್ತಾರೆ ಟೀಚರ್, ನಮಗೆ ಈಗ ಅಭ್ಯಾಸ ಆಗಿದೆ," ಎನ್ನುತ್ತಿದ್ದಳು. ನಾನು ಅದನ್ನು ಕಂಪ್ಲೇಂಟ್ ಎಂದುಕೊಂಡೆ.

ಈಗ ಆ ಗಿಟಾರ್ ನನ್ನ ಕೋಣೆಯಲ್ಲಿದೆ. ಅವಳು ಹೋದ ಮೇಲೆ ಆ ತಮ್ಮನ ಹೆಂಡತಿಯೇ ಕಳುಹಿಸಿಕೊಟ್ಟಳು. ಬೊಟ್ಟುಗಳಿಲ್ಲ, ಅಂಟು ಮಾತ್ರ ಉಳಿದು ಧೂಳು ಹಿಡಿದಿದೆ. ಮಧ್ಯಾಹ್ನ ಊಟ ಆದ ಮೇಲೆ ಕಿರುಬೆರಳಿಗೆ ಗಾಜು ಹಾಕಿ ಕೂರುತ್ತೇನೆ. ಆ ಮೂರನೆಯ ಸ್ವರ ನನ್ನ ಕೈಯಲ್ಲಿ ಬರುವುದಿಲ್ಲ. ಗಾಜು ಗೆರೆಯ ಮೇಲೆ ಹೋಗಿ ನಿಲ್ಲುತ್ತದೆ, ಪರ್ಫೆಕ್ಟ್ಲೀ ಇನ್ ಟ್ಯೂನ್, ಸತ್ತ ಹಾಗೆ.

ಬೋರ್ಡಿಂಗಿನ ಒಂದು ವಿಷಯ ಹೇಳದಿದ್ದರೆ ಇದು ಪೂರ್ತಿ ಆಗುವುದಿಲ್ಲ. ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತಾಡಿದರೆ ಕುತ್ತಿಗೆಗೆ ದಾರದಲ್ಲಿ ಒಂದು ಮರದ ಬಿಲ್ಲೆ ಹಾಕುವ ಕ್ರಮ ಇತ್ತು. ಹಾಕುವವಳು ಕ್ಲಾಸ್ ಲೀಡರ್, ಅಂದರೆ ನಾನು. ಒಂದು ದಿನ ಊಟದ ಕೋಣೆಯಲ್ಲಿ ನನಗೆ ತಡವಾಗಿ ಜಾಗ ಇರಲಿಲ್ಲ. ಅವಳು ಬೆಂಚಿನಲ್ಲಿ ಸರಿದು ತನ್ನ ಪಕ್ಕ ತಟ್ಟಿ, ಆ ದೊಡ್ಡ ಗಂಟಲಿನಲ್ಲಿ ಕರೆದಳು: "ಬಲ, ಕುಲ್ಲು." ಬಾ, ಕೂತುಕೋ. ನಮ್ಮ ಕಡೆ ಯಾವ ಮನೆಗೆ ಹೋದರೂ ಮೊದಲು ಕೇಳುವ ಮಾತು. ನಾನು ಅವಳ ಪಕ್ಕದಲ್ಲಿ ಕೂತು, ಜೇಬಿನಿಂದ ಬಿಲ್ಲೆ ತೆಗೆದು ಅವಳ ಕುತ್ತಿಗೆಗೆ ಹಾಕಿದೆ. ರೂಲ್ಸ್ ಆರ್ ರೂಲ್ಸ್. ಸಂಜೆಯವರೆಗೂ ಅವಳು ಬಗ್ಗಿದಾಗಲೆಲ್ಲ ಅದು ಡೆಸ್ಕಿಗೆ ತಾಗಿ ಟಕ್ ಎನ್ನುತ್ತಿತ್ತು.

ಅವಳನ್ನು ಕೊನೆಯ ಸಲ ನೋಡಿದ್ದು ಒಂದು ಮಂಗಳವಾರ, ಹೇಳದೆ ಹೋದದ್ದು. ಚಾರ್ಮಾಡಿ ಬಸ್ಸಿನಿಂದ ಇಳಿದು ಗೇಟಿನ ಹತ್ತಿರ ಬರುವಾಗ ಒಳಗಿನಿಂದ ಆ ನಾಲ್ಕು ಸ್ವರ ಕೇಳಿಸಿತು. ಎರಡು ಇಳಿಜಾರು, ಒಂದು ತಡೆ, ಗೆರೆಗಿಂತ ಹಿಂದೆ ನಿಂತದ್ದು ಒಂದು, ಗಿಡ್ಡದು ಒಂದು. ಕೂಡಲೇ ಅಡಿಗೆಮನೆಯಿಂದ ತಮ್ಮನ ಹೆಂಡತಿ ಕೂಗಿದಳು, "ಬರ್ಪೆ ಅಕ್ಕಾ, ಒಂಜಿ ನಿಮಿಷ!"

ಬರ್ತೇನೆ ಅಕ್ಕಾ, ಒಂದು ನಿಮಿಷ, ಎಂದು ತಮ್ಮನ ಹೆಂಡತಿ ಉತ್ತರ ಕೊಟ್ಟಳು. ಗಿಟಾರಿಗೆ.

ನಾನು ಗೇಟಿನ ಚಿಲಕ ಹಿಡಿದುಕೊಂಡೇ ನಿಂತೆ. ಒಳಗಿನಿಂದ ಇನ್ನೊಮ್ಮೆ ಬಂತು. ಬ, ಲ. ಕುಲ್, ಲು. ಅದೇ ಎಳೆತ, ಅದೇ ದೊಡ್ಡ ಗಂಟಲು. ಇದನ್ನೇ ಅಲ್ಲವೇ ನಾನು ಬೊಟ್ಟು ಅಂಟಿಸಿದ ದಿನ ಅವಳು ಎರಡೆರಡು ಸಲ ಹೇಳಿ ನನ್ನ ಮುಖ ನೋಡಿದ್ದು.

ಚಿಲಕದ ಸದ್ದಿಗೆ ತಿರುಗಿ ನೋಡಿದಳು. ಬಹಳ ಇಳಿದುಹೋಗಿದ್ದಳು. ನಕ್ಕಳು, ನಿಜವಾಗಿ ಸಂತೋಷದಿಂದಲೇ. ನಗುತ್ತಲೇ ಗಾಜು ಕಳಚಿ ಕಿಟಕಿಯಲ್ಲಿಟ್ಟು ಆಂಪ್ಲಿಫೈಯರಿನ ಸ್ವಿಚ್ ಆರಿಸಿದಳು. ಅದರ ಕೆಂಪು ದೀಪ ನಿಧಾನವಾಗಿ ಹೋಯಿತು. ಗೋಡೆಯ ಕನ್ನಡಿಯ ಅಂಚಿನಲ್ಲಿ ನನ್ನ ಬೊಟ್ಟುಗಳೆಲ್ಲ ಸಾಲಾಗಿ ಅಂಟಿಕೊಂಡಿದ್ದವು, ದೊಡ್ಡದು ಮೇಲೆ.

"ಬಾರಿಸು ಮಾರಾಯ್ತಿ, ನಿಲ್ಲಿಸಬೇಡ," ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಸೆರಗಿನಿಂದ ಸ್ಲೇಟು ಒರೆಸಿ, ಸಿಸ್ಟರ್ ಕಲಿಸಿದ ಆ ಕರ್ಸಿವ್ ಅಕ್ಷರದಲ್ಲಿ ಬರೆಯುತ್ತಿದ್ದಳು. ಬರೆದು ನನ್ನ ಕಡೆ ತಿರುಗಿಸಿದಳು. ಪ್ಲೀಸ್ ಸಿಟ್ ಡೌನ್. ಇಂಗ್ಲಿಷಿನಲ್ಲಿ, ಕೊನೆಗೆ ಫುಲ್‌ಸ್ಟಾಪ್ ಸಹ ಹಾಕಿ.

ನಾನು ಕೂತೆ.