ಕೊಬ್ಬರಿ ಅಟ್ಟದಿಂದ ಇಳಿದ ಕ್ರಿಸ್‌ಮಸ್ ತಾತ

ದಂಡಿನಶಿವರದ ಸಣ್ಣತಿಮ್ಮಯ್ಯನಿಗೆ ನಟನೆಯ ಹುಚ್ಚು ಹಿಡಿದದ್ದು ಮೀಸೆ ಮೂಡುವ ಮೊದಲೇ. ಊರಿನ ನಾಟಕದಲ್ಲಿ ರಾಕ್ಷಸನಾಗಿ ಅಬ್ಬರಿಸಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಾಸ್ಯದ ಪಾತ್ರ ಕೊಟ್ಟರೆ ಮುಂದೆ ಕೂತ ಮಕ್ಕಳು ಅಳುತ್ತಿದ್ದವು. ಕಡೆಗೆ ನಾಟಕದ ಮೇಷ್ಟ್ರು ಪರದೆ ಎಳೆಯುವ ಕೆಲಸಕ್ಕೆ ಹಾಕಿದರು. ಆ ಪರದೆಯನ್ನೂ ರಾಜನ ಕಿರೀಟಕ್ಕೆ ಸಿಕ್ಕಿಸಿ ಎಳೆದದ್ದನ್ನು ಅವನೇ ಕಾಯಿ ಸುಲಿಯುತ್ತ ಎಲ್ಲರಿಗೂ ಹೇಳಿ ನಗುತ್ತಿದ್ದ.

ಹೆಂಡತಿ ಲಕ್ಷ್ಮಕ್ಕನ ಅಣ್ಣನ ಮಗಳು ಪವಿತ್ರಾ ತುಮಕೂರಿನಲ್ಲಿ ಸಿನಿಮಾ ಕಲಿಯುತ್ತಿದ್ದಳು. ಹೋದ ವರ್ಷ ಮನೆಗೆ ಬಂದವಳು, ಕ್ರಿಸ್‌ಮಸ್‌ಗೆಂದು ಕಿರುಚಿತ್ರ ಮಾಡುತ್ತಿದ್ದೇನೆ, ಅದರಲ್ಲಿ ದೆವ್ವವಾಗಿ ಬರುವ ಕ್ರಿಸ್‌ಮಸ್ ತಾತನ ಪಾತ್ರ ಮಾವನೇ ಮಾಡಬೇಕು ಎಂದಳು.

"ನಗಿಸ್ಬೇಕೋ, ಹೆದರಿಸ್ಬೇಕೋ? ಒಂದು ಹೇಳವ್ವ."

"ಎರಡೂ ಮಾವ. ನಗ್ತಾ ನಗ್ತಾನೇ ಎದೆ ಧಸಕ್ ಅನ್ಬೇಕು."

"ಅದಕ್ಕೆ ಇವರೇ ಸರಿ. ಮೇಕಪ್ಪೂ ಬೇಕಿಲ್ಲ ಬುಡು," ಎಂದು ಲಕ್ಷ್ಮಕ್ಕ ಒಳಗಿನಿಂದಲೇ ಹೇಳಿದಳು.

ಬೇರೆ ದೇಶದಲ್ಲಿ ಈ ತಾತ ಹೊಗೆಗೂಡಿನಿಂದ ಇಳಿಯುತ್ತಾನಂತೆ. ಇವರ ಮನೆಯಲ್ಲಿ ಇದ್ದದ್ದು ಕಾಯಿ ಒಣಗಲು ಹಾಕುವ ಕೊಬ್ಬರಿ ಅಟ್ಟ. ಅಲ್ಲಿಂದಲೇ ಇಳಿಯುವುದೆಂದು ತೀರ್ಮಾನವಾಯಿತು. ಲಕ್ಷ್ಮಕ್ಕನ ಹಳೇ ಕೆಂಪು ಸೀರೆ ಅಂಗಿಯಾಯಿತು, ಸುಣ್ಣ ಬಳಿದ ತೆಂಗಿನ ನಾರು ಗಡ್ಡವಾಯಿತು. ಸಣ್ಣತಿಮ್ಮಯ್ಯ ಕೊಟ್ಟಿಗೆಯಲ್ಲಿ ನಿಂತು ಭಯಂಕರ ನಗು ಅಭ್ಯಾಸ ಮಾಡಿದ. ಎಮ್ಮೆ ಅವತ್ತು ಹಾಲು ಕೊಡಲಿಲ್ಲ. ಕಲೆಯ ಬೆಲೆ ತಿಳಿದ ಮೊದಲ ಪ್ರೇಕ್ಷಕಿ ಅದೇ ಎಂದು ಅವನು ಸಮಾಧಾನ ಮಾಡಿಕೊಂಡ.

ಚಿತ್ರೀಕರಣದ ದಿನ ಮಧ್ಯಾಹ್ನವೇ ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿ ಮನೆಯನ್ನು ಕತ್ತಲು ಮಾಡಿದರು. ಗಡ್ಡದ ಸುಣ್ಣ ಮೂಗಿಗೆ ಹೋಗುತ್ತಿತ್ತು. ಅವನು ಹೆಗಲಿಗೆ ಚೀಲ ಹಾಕಿಕೊಂಡು ಅಟ್ಟದಿಂದ ಇಳಿಯಲು ಏಣಿಯ ಮೇಲೆ ಕಾಲಿಟ್ಟ. ನಗಬೇಕೆಂದು ಬಾಯಿ ತೆರೆದರೆ ಬಂದದ್ದು ಸೀನು. ಆ ರಭಸಕ್ಕೆ ಚೀಲ ಅಟ್ಟದ ಬಿದಿರಿನ ತಡಿಕೆಗೆ ಸಿಕ್ಕಿ, ತಡಿಕೆ ಕಿತ್ತು, ಒಣಗಿದ ಕಾಯಿಗಳೆಲ್ಲ ಗಡಗಡನೆ ಉರುಳತೊಡಗಿದವು. ಕತ್ತಲಲ್ಲಿ ಯಾರೋ ಬೆನ್ನಟ್ಟಿ ಬಂದಂತೆಯೇ ಅವನಿಗೆ ಅನಿಸಿತು.

"ಲಕ್ಷ್ಮೀ, ಸತ್ತೆ ಕಣೇ!" ಎಂದು ಕಿರುಚಿ, ಏಣಿಯಿಂದ ಜಾರಿ, ಗಡ್ಡ ಒಂದೇ ಕಿವಿಗೆ ನೇತಾಡುತ್ತಿರುವಂತೆ ಕ್ಯಾಮೆರಾ ಮುಂದೆಯೇ ಹಾಯ್ದು ಕೊಟ್ಟಿಗೆಗೆ ಓಡಿದ.

"ಸೂಪರ್ ಮಾವ!"

"ನಾನಿನ್ನೂ ಶುರುವೇ ಮಾಡಿಲ್ಲ ಕಣವ್ವ," ಎಂದ ಏದುಸಿರು ಬಿಡುತ್ತ.

ಆ ದೃಶ್ಯವನ್ನು ಪವಿತ್ರಾ ಮತ್ತೆ ತೆಗೆಯಲೇ ಇಲ್ಲ. ಕ್ರಿಸ್‌ಮಸ್ ದಿನ ತಿಪಟೂರಿನ ಒಂದು ಸಣ್ಣ ಸಭಾಂಗಣದಲ್ಲಿ ಚಿತ್ರ ತೋರಿಸಿದಳು. ತೆರೆಯ ಮೇಲೆ ಅವನು ಸೀನಿದಾಗ ಜನ ನಕ್ಕರು. ಕಾಯಿ ಉರುಳುವ ಸದ್ದು ಕೇಳಿದ ಕೂಡಲೇ ನಗು ನಿಂತು, ಹೆಂಗಸರು ಪಕ್ಕದವರ ತೋಳು ಹಿಡಿದರು. ತೆರೆಯ ಮೇಲಿನ ತನ್ನ ಮುಖ ಕಂಡು ಸಣ್ಣತಿಮ್ಮಯ್ಯನೇ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. ಹಿಂದಿನ ಸಾಲಿನವರು ಅದಕ್ಕೂ ನಕ್ಕರು. ಅವನೂ ನಕ್ಕ. ಇಷ್ಟು ವರ್ಷ ತಪ್ಪು ಜಾಗದಲ್ಲಿ ಸಿಗುತ್ತಿದ್ದ ನಗುವೂ ಭಯವೂ ಇವತ್ತು ಒಟ್ಟಿಗೇ, ಬೇಕಾದ ಜಾಗದಲ್ಲೇ ಸಿಕ್ಕಿದ್ದವು.

ಹೊರಗೆ ಎಲ್ಲರೂ ಕೈಕುಲುಕುತ್ತಿದ್ದಾಗ ಅವನ ಊರಿನ ಮುದುಕಿ ಭೈರಮ್ಮ ಜನರನ್ನು ಸರಿಸಿಕೊಂಡು ಬಂದು ಅವನ ಮೊಣಕಾಲು ಮುಟ್ಟಿ ನೋಡಿದಳು.

"ನಿಜವಾಗ್ಲೂ ಬಿದ್ದೆ ಅಲ್ವೇನಪ್ಪ? ನೋವಾಯ್ತಾ?"

ಅಷ್ಟು ಜನರಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ಅವನು ಬಗ್ಗಿ ಅವಳ ಕೈ ಹಿಡಿದುಕೊಂಡ.

"ಇಲ್ಲ ಕಣಜ್ಜಿ, ಅದು ಆಕ್ಟಿಂಗು."

"ಹಂಗಾದ್ರೆ ಚೆನ್ನಾಗ್ ಮಾಡ್ದೆ ಬುಡು," ಎಂದು ಭೈರಮ್ಮ ಅವನ ಬೆನ್ನು ಸವರಿದಳು.