ಫಲಕ ಆಮೇಲೆ

"ಫಲಕ ಆಮೇಲೆ ನೋಡ್ತೀನಮ್ಮ. ನಮ್ಮ ಹುಡುಗಿ ಪಾಸಾದ್ಲಾ, ಮೊದ್ಲು ಅದು ಹೇಳಿ!"

ಲೀಡ್ಸ್‌ನ ನಮ್ಮ ಕಾಲೇಜಿನ ದಾನಿಗಳ ವಿಭಾಗಕ್ಕೆ ಮ್ಯಾಕಲ್ಸ್‌ಫೀಲ್ಡ್‌ನಿಂದ ರೈಲು ಹಿಡಿದು ಬಂದಿದ್ದ ಬಶೀರ್ ಸಾಹೇಬರು ಕೋಟನ್ನೂ ಬಿಚ್ಚಿರಲಿಲ್ಲ. ಔಷಧ ಕಾರ್ಖಾನೆಯಿಂದ ನಿವೃತ್ತರಾದ ಅವರು ಸಿಮ್ರನ್ ಎಂಬ ಹುಡುಗಿಯ ಓದಿಗೆ ನೆರವಾಗುತ್ತಿದ್ದರು. ಅವರಿಗೆ ಖುಷಿಯಾಗಲೆಂದು ಅವರ ಹೆಸರಿನ ಹಿತ್ತಾಳೆ ಫಲಕವನ್ನು ನಾನು ಎರಡೆರಡು ಸಲ ಒರೆಸಿಟ್ಟಿದ್ದೆ. ಅಂದೇ ಬರಬೇಕಿದ್ದ ಫಲಿತಾಂಶವನ್ನು ಮಾತ್ರ ವಿಚಾರಿಸಿರಲಿಲ್ಲ!

ಅಷ್ಟರಲ್ಲಿ ನೋಟಿಸ್ ಬೋರ್ಡಿನ ಕಡೆಯಿಂದ ಸಿಮ್ರನ್ನೇ ಓಡಿಬಂದಳು. "ಅಂಕಲ್, ಫಸ್ಟ್ ಕ್ಲಾಸ್!"

ಸಾಹೇಬರ ಚೀಲದಿಂದ ಮೈಸೂರುಪಾಕಿನ ಡಬ್ಬಿ ಹೊರಬಂತು. ಪಾಸಾಗುತ್ತಾಳೆಂದು ನಂಬಿ ಮನೆಯಿಂದಲೇ ತಂದಿದ್ದರು! ಕಚೇರಿಯಲ್ಲಿದ್ದವರಿಗೆಲ್ಲ ಹಂಚಿದರು.

ಅಂದಿನಿಂದ ದಾನಿಗಳಿಗೆ ನಾನು ಬರೆಯುವ ಪತ್ರದಲ್ಲಿ ಮೊದಲು ಮಕ್ಕಳ ಸುದ್ದಿ, ಧನ್ಯವಾದ ಆಮೇಲೆ.